ಜವರಪ್ಪನ ಪಶ್ಚಾದಾಸನ ವಿಜಯ

ಕೇಳಿರಿ, ಹೆಲ್ಮೆಟ್ಟುಧಾರಿಗಳೇ! ಕೇಳಿರಿ, ಬಸ್ಸಿನ ಕಂಬಿ ಹಿಡಿದು ನೇತಾಡುವ ತಪಸ್ವಿಗಳೇ! ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೂ ಮಡದಿಯನ್ನು ಬೆನ್ನ ಹಿಂದೆಯೂ ಕೂರಿಸಿಕೊಂಡು ಸಂಸಾರಸಾಗರವನ್ನು ಎರಡೇ ಚಕ್ರಗಳಲ್ಲಿ ದಾಟುವ ಧೀರರೇ, ನೀವೂ ಕೇಳಿರಿ! ರಾಜ್ಯಗಳು ಅಳಿದವು, ಕೋಟೆಗಳು ಉರುಳಿದವು. ಶ್ರೀರಂಗಪಟ್ಟಣದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉರುಳಿದ ಕೋಟೆಯ ಕಲ್ಲಿಗೇ ಬೆನ್ನು ಕೊಟ್ಟು ಅವರು ಬೀಡಿ ಸೇದುತ್ತಾರೆ. ಆದರೆ ಆ ಕೋಟೆಯಿಂದ ಅನತಿದೂರದಲ್ಲಿ, ಗಂಜಾಮಿನ ಒಂದು ಓಣಿಯಲ್ಲಿ, ಒಂದು ಸೋಮವಾರದ ಬೆಳಗ್ಗೆ ನಡೆದ ಘೋರಸಮರವನ್ನು ಯಾವ ಶಾಸನದಲ್ಲೂ ಯಾರೂ ಕೆತ್ತಿಸಲಿಲ್ಲ. ಆ ಅನ್ಯಾಯವನ್ನು ಸರಿಪಡಿಸಲೆಂದೇ ಈ ಕಥೆ ಹೊರಟಿದೆ.

ಯಾರ ಕಥೆ? ಸಮಸ್ತ-ಸರ್ವಿಸ್‌ರಸ್ತೆ-ಸಂಚಾರ-ಧುರಂಧರ, ಊಟದಡಬ್ಬಿ-ಧಾರಣ-ವಿಶಾರದ, ರಸ್ತೆಯುಬ್ಬು-ಪ್ರಹಾರ-ಸಹಿಷ್ಣು, ಪಶ್ಚಾದಾಸನ-ಚಕ್ರವರ್ತಿ ಶ್ರೀಮಾನ್ ಜವರಪ್ಪನ ಕಥೆ. ಪಶ್ಚಾದಾಸನ ಎಂದರೆ ಗಾಬರಿಯಾಗಬೇಡಿ. ಬೈಕಿನ ಹಿಂದಿನ ಸೀಟು, ಅಷ್ಟೆ.

ಬೈಕು ಜವರಪ್ಪನದಲ್ಲ, ಅವನ ಬಾಲ್ಯಸ್ನೇಹಿತ ಕೆಂಪರಾಜುವಿನದು. ಕೆಂಪರಾಜುವಿಗೆ ಮೈಸೂರಿನ ಒಂದು ಬಣ್ಣದ ಅಂಗಡಿಯಲ್ಲಿ ಕೆಲಸ. ಅದರ ಪಕ್ಕದ ಅಂಗಡಿಯಲ್ಲಿ ವಾಹನಗಳ ಸೀಟು ಹೊಲಿಯುವುದು ಜವರಪ್ಪನ ಕಸುಬು. ಇಬ್ಬರೂ ಬ್ರಹ್ಮಚಾರಿಗಳಾಗಿದ್ದ ಕಾಲದಲ್ಲಿ ಪ್ರತಿದಿನ ಬೆಳಗ್ಗೆ ಆ ರಕ್ತವರ್ಣದ, ಧೂಮೋದ್ಗಾರಿ, ಒದ್ದಲ್ಲದೆ ಏಳದ ದ್ವಿಚಕ್ರವಾಹನವು ಇಬ್ಬರನ್ನೂ ಹೊತ್ತು ಮೈಸೂರಿನ ಕಡೆಗೆ ಗುಡುಗುತ್ತಾ ಹೊರಡುತ್ತಿತ್ತು. ದಾರಿಯಲ್ಲಿ ಚೌಡಪ್ಪನ ಟೀ ಅಂಗಡಿ. ಅಲ್ಲಿ ಒಂದು ಟೀಯನ್ನು ಬೈ-ಟೂ ಮಾಡಿಸಿ ಕುಡಿದರೇನೇ ಅವರಿಗೆ ಮೈಸೂರು ಕಾಣಿಸುತ್ತಿದ್ದುದು.

ಹಿಂದೆ ಕೂರುವುದೇನು ಮಹಾ ಎಂದು ಅರಿಯದವರು ಆಡಿಕೊಳ್ಳಬಹುದು. ಆ ಬೈಕಿಗೆ ಕನ್ನಡಿಗಳಿರಲಿಲ್ಲವೆಂಬುದನ್ನು ಅವರು ಗಮನಿಸಬೇಕು. ಎಡಗನ್ನಡಿ ಒಂದು ಹಾಲಿನ ವ್ಯಾನಿಗೂ ಬಲಗನ್ನಡಿ ಒಂದು ಎಮ್ಮೆಗೂ ಅರ್ಪಣೆಯಾಗಿ ವರ್ಷಗಳೇ ಕಳೆದಿದ್ದವು. ಹೊಸದು ಹಾಕಿಸಬೇಕೆಂದು ಕೆಂಪರಾಜುವಿಗೆ ಅನ್ನಿಸಲೇ ಇಲ್ಲ. ಹಿಂದೆ ಜವರಪ್ಪ ಇದ್ದನಲ್ಲ! ಅವನು ಕತ್ತು ಹೊರಳಿಸಿ, ಕಣ್ಣು ಕಿರಿದುಮಾಡಿ, "ಲಾರಿ ಬತ್ತಾದೆ ಕಣ್ಲಾ" ಎಂದರೆ ಕೆಂಪರಾಜು ಎಡಕ್ಕೆ ಸರಿಯುತ್ತಿದ್ದ. "ಈಗ ನುಗ್ಸು" ಎಂದರೆ ಬಲಕ್ಕೆ ನುಗ್ಗುತ್ತಿದ್ದ. ಹೋಗಲಿ, ಆ ಸೀಟನ್ನಾದರೂ ಹೊಲಿದವರು ಯಾರು? ಜವರಪ್ಪನೇ. ಮುಂಭಾಗಕ್ಕೆ ಸಾಧಾರಣ ಸ್ಪಂಜು, ಹಿಂಭಾಗಕ್ಕೆ ಎರಡು ಪದರದ ದಪ್ಪ ಸ್ಪಂಜು, ಮೇಲೆ ಕಡುಗೆಂಪು ರೆಕ್ಸಿನ್ನು, ಅಂಚಿಗೆ ಬಿಳಿ ದಾರದ ಹೊಲಿಗೆ. ಊರಲ್ಲಿ ಗೇಣು ಗದ್ದೆಯಿಲ್ಲದ, ಮೂವತ್ತು ದಾಟಿದರೂ ಹೆಣ್ಣು ಸಿಗದ ಜವರಪ್ಪನಿಗೆ ಈ ಭೂಮಂಡಲದಲ್ಲಿ ತನ್ನದು ಎಂದು ಹೇಳಿಕೊಳ್ಳಲು ಇದ್ದದ್ದು ಆ ಮೊಳದುದ್ದದ ಸಾಮ್ರಾಜ್ಯ ಒಂದೇ.

ಹೀಗಿರಲು ಕೆಂಪರಾಜುವಿಗೆ ಮದುವೆಯಾಯಿತು. ವಧು ಪಾಂಡವಪುರದ ಕಡೆಯ ತೇಜಾವತಿ, ಮೈಸೂರಿನ ಹಾದಿಯಲ್ಲಿರುವ ಒಂದು ಗಾರ್ಮೆಂಟ್ಸಿನಲ್ಲಿ ಕೆಲಸಕ್ಕಿದ್ದವಳು. ಜವರಪ್ಪ ಚಪ್ಪರಕ್ಕೆ ಬಿದಿರಿನ ಗಳು ಹೊತ್ತ, ಊಟಕ್ಕೆ ಬಡಿಸಿದ, ಬೀಗರ ಔತಣದಲ್ಲಿ ಎಲೆ ಎತ್ತಿದ, ಮನಸಾರೆ ಸಂತೋಷಪಟ್ಟ. ಸಂತೋಷದ ಭರದಲ್ಲಿ, ಬೈಕಿಗೆ ಇರುವುದು ಎರಡೇ ಸೀಟು ಎಂಬುದನ್ನು ಮರೆತೇಬಿಟ್ಟಿದ್ದ.

ಕೆಂಪರಾಜು ಮದುವೆ ರಜೆ ಹಾಕಿದ. ಜವರಪ್ಪ ಬಸ್ಸು ಹತ್ತಿದ. ಅಯ್ಯೋ, ಆ ವನವಾಸವನ್ನು ಏನೆಂದು ಬಣ್ಣಿಸೋಣ! ಪಶ್ಚಾದಾಸನದಲ್ಲಿ ಗಾಳಿಗೆ ಎದೆಯೊಡ್ಡಿ ಸಾಗುತ್ತಿದ್ದ ಆ ಮಹಾಕಾಯವು ಪರಕೀಯರ ಕಂಕುಳುಗಳ ನಡುವೆ ಸಿಕ್ಕಿ ಹಿಪ್ಪೆಯಾಯಿತು. ಆದರೂ ಅಭ್ಯಾಸಬಲ ಬಿಡಬೇಕಲ್ಲ? ಹಿಂದಿನಿಂದ ಹಾರನ್ನು ಕೇಳಿದೊಡನೆ ಅವನು ಕತ್ತು ಹೊರಳಿಸಿ, "ಲಾರಿ ಬತ್ತಾದೆ ಕಣ್ಲಾ!" ಎಂದು ಕೂಗಿಬಿಟ್ಟ. ಇಡೀ ಬಸ್ಸು ತಿರುಗಿ ನೋಡಿತು.

"ಯಾರಿಗಪ್ಪಾ ಯೋಳ್ತಾ ಇದ್ದೀಯೆ?" ಎಂದ ಕಂಡಕ್ಟರು.

ಜವರಪ್ಪನ ಕಣ್ಣು ತುಂಬಿತು. ಯಾರಿಗೆ ಹೇಳುತ್ತಿದ್ದೇನೆಂದು ಅವನು ಆ ಕಂಡಕ್ಟರಿಗೆ ಹೇಗೆ ತಿಳಿಸಬೇಕು?

ರಜೆಯ ಕೊನೆಯ ಭಾನುವಾರ ಅವನು ಚೌಡಪ್ಪನ ಟೀ ಅಂಗಡಿಗೆ ಹೋದ. ಚೌಡಪ್ಪನು ತ್ರಿಕಾಲಜ್ಞಾನಿ. ರಸ್ತೆಬದಿಯಲ್ಲಿ ನಿಂತು ಟೀ ಸೋಸುತ್ತಲೇ ಎಷ್ಟೋ ಬೈಕುಗಳ ಜಾತಕವನ್ನು ಅರೆದು ಕುಡಿದವನು.

"ನಾನ್ ನೋಡಿಲ್ವೇನಪ್ಪಾ?" ಎಂದು ಆ ಮಹರ್ಷಿ ಲೋಟ ತೊಳೆಯುತ್ತಾ ನುಡಿದ. "ಮದ್ವೆಗ್ ಮುಂಚೆ ಹಿಂದ್ಗಡೆ ದೋಸ್ತು. ಮದ್ವೆ ಆದ್ಮೇಲೆ ಎಂಡ್ತಿ. ಆಮ್ಯಾಕೆ ಟ್ಯಾಂಕಿನ್ ಮ್ಯಾಲೊಂದು ಮಗ. ಅದುಕ್ಕೂ ಮ್ಯಾಲೆ ಇಸ್ಕೂಲ್ ಬ್ಯಾಗು. ಗಾಡಿ ಅದೇಯ, ರಸ್ತೆ ಅದೇಯ. ದೋಸ್ತು ಮಾತ್ರ ಬಸ್ಸಲ್ಲಿ."

ಆಗ ಜವರಪ್ಪನು ಬೆಂಚಿನಿಂದೆದ್ದು, ಭುಜಗಳನ್ನು ಬಿಗಿದು, ಹೀಗೆ ಗರ್ಜಿಸಿದನು: "ಎಲವೋ ಚಹಾಕ್ವಥನಪಂಡಿತನೇ, ಕೇಳು! ಈ ಹಸ್ತಗಳು ಹೊಲಿದ ಸಿಂಹಾಸನವನ್ನು ಅನ್ಯರು ಆಕ್ರಮಿಸುವುದೆಂತು? ನಾಳೆ ದಿನಕರನುದಿಸಿ ಉಪ್ಪಿಟ್ಟಿಗೆ ನೀರು ಕುದಿಯುವುದರೊಳಗೆ ನಾನು ಅಲ್ಲಿ ವಿರಾಜಮಾನನಾಗಿರುವೆನು. ನನ್ನನ್ನು ಇಳಿಸಬಲ್ಲ ವೀರರೂ ವೀರಾಂಗನೆಯರೂ ಇದ್ದರೆ ಬರಲಿ!"

ಚೌಡಪ್ಪನ ಕಿವಿಗೆ ಬಿದ್ದದ್ದು ಮಾತ್ರ, "ನೋಡೇಬುಡ್ತೀನಿ ಕಣಣ್ಣೋ" ಎಂಬಷ್ಟೇ. ಉಳಿದದ್ದೆಲ್ಲ ಜವರಪ್ಪನ ಎದೆಯೊಳಗೇ ಮೊಳಗಿತು.

ಸೋಮವಾರ ಬಂತು. ಮಡಕೆಯಂತಹ ಹೆಲ್ಮೆಟ್ಟನ್ನು ಶಿರದಲ್ಲಿ ಧರಿಸಿ, ಊಟದ ಚೀಲವನ್ನು ಹೆಗಲಿಗೇರಿಸಿ, ಇಸ್ತ್ರಿಯ ಗೆರೆ ಮುರಿಯದ ಅಂಗಿಯನ್ನು ತೊಟ್ಟು, ವೀರನು ಕೆಂಪರಾಜುವಿನ ಮನೆಯಂಗಳವನ್ನು ಹೊಕ್ಕನು. ಬೈಕು ಸ್ಟ್ಯಾಂಡಿನ ಮೇಲೆ ನಿಂತಿತ್ತು. ತೊಳೆದಿದ್ದರು, ಹೂ ಮುಡಿಸಿದ್ದರು, ನಂಬರು ಫಲಕಕ್ಕೆ ಕುಂಕುಮ ಇಟ್ಟಿದ್ದರು. ಹಿಂದಿನ ಸೀಟು ಖಾಲಿಯಿತ್ತು. ಆಹಾ ಎಂದುಕೊಳ್ಳುವಷ್ಟರಲ್ಲಿ ಅವನ ದೃಷ್ಟಿ ಹ್ಯಾಂಡಲಿನ ಮೇಲೆ ಬಿತ್ತು.

ಅಲ್ಲಿ ಎರಡು ಹೊಸ ಕನ್ನಡಿಗಳಿದ್ದವು.

ದುಂಡನೆಯವು, ಹೊಳೆಹೊಳೆಯುವವು, ಒಂದು ಎಡಕ್ಕೆ, ಒಂದು ಬಲಕ್ಕೆ. ಜವರಪ್ಪ ಎರಡನ್ನೂ ಬಗ್ಗಿ ನೋಡಿದ. ಹಾಗಾದರೆ ಇನ್ನು ಲಾರಿ ಬರುವುದನ್ನು ಹೇಳಲು ಯಾರೂ ಬೇಕಿಲ್ಲ. ಗೆಳೆಯ ಒಂದು ಮಾತನ್ನೂ ಹೇಳದೆ ಅವನ ಉದ್ಯೋಗವನ್ನು ಎರಡು ಗಾಜಿನ ತುಂಡುಗಳಿಗೆ ಕೊಟ್ಟುಬಿಟ್ಟಿದ್ದ. ಅವನಿಗೆ ಸಿಟ್ಟು ಬರಲಿಲ್ಲ. ಹಟ ಬಂತು. ಕಾಲೆತ್ತಿ ಹಾರಿ ಪಶ್ಚಾದಾಸನವನ್ನು ಆರೋಹಿಸಿ ಕೂತೇಬಿಟ್ಟ.

ಕೆಂಪರಾಜು ಹೊರಗೆ ಬಂದ. "ಏನ್ಲಾ, ಇಷ್ಟೊತ್ಗೇ ಬಂದ್ಬುಟ್ಟಿದ್ದೀಯೆ? ಬಾ ಒಳಿಕ್ಕೆ, ಕಾಪಿ ಕುಡಿವಂತೆ."

"ಇಲ್ಲೇ ತತ್ತಾ."

"ಗಾಡಿ ಮ್ಯಾಲಾ?"

"ಊ ಕಣ್ಲಾ. ಇಲ್ಲೇ ಗಾಳಿ ಚೆಂದಾಗದೆ."

ಕೆಂಪರಾಜು ತಲೆ ಕೆರೆದುಕೊಂಡು ಒಳಗೆ ಹೋದ. ತೇಜಾವತಿಯೇ ಕಾಫಿ ತಂದಳು. ಅವಳನ್ನು ಕಂಡದ್ದೇ, ರಾತ್ರಿಯೆಲ್ಲ ಕಟ್ಟಿಕೊಂಡಿದ್ದ ಯುದ್ಧಘೋಷವು ವೀರನ ಕಂಠಕ್ಕೆ ನುಗ್ಗಿತು: "ನಿಲ್ಲು ನವವಧುವೇ! ತಾಳಿಯ ಬಲದಿಂದ ಮನೆಯನ್ನು ಗೆದ್ದಿರುವೆ, ಅಡಿಗೆಮನೆಯನ್ನು ಗೆದ್ದಿರುವೆ. ಈ ಮೊಳದುದ್ದದ ನೆಲವನ್ನು ಮಾತ್ರ ಗೆಲ್ಲಲಾರೆ!" ಕಂಠದಿಂದ ನಾಲಗೆಗೆ ಬರುವಷ್ಟರಲ್ಲಿ ಅದು ಹೇಗೋ, "ನಿಂದಾಯ್ತಾ ಕಾಪಿ, ತಂಗಿ?" ಎಂದಾಗಿಬಿಟ್ಟಿತು.

"ಆಯ್ತಣ್ಣ. ಉಪ್ಪಿಟ್ಟಾಗದೆ, ಒಳಿಕ್ ಬನ್ನಿ."

ಉಪ್ಪಿಟ್ಟು! ಶತ್ರುವಿನ ಕುಟಿಲತಂತ್ರ ಜವರಪ್ಪನಿಗೆ ತಕ್ಷಣ ಹೊಳೆಯಿತು. ಉಪ್ಪಿಟ್ಟಿಗೆಂದು ಇಳಿದೆಯೋ, ಆಸನ ಕೈಬಿಟ್ಟಿತು. "ತಟ್ಟೆ ಇಲ್ಲಿಗೇ ಕೊಟ್ಬುಡವ್ವ" ಎಂದ. ತಟ್ಟೆ ಬಂತು. ಕೈ ತೊಳೆಯಲು ಕರೆದರು. "ಚೊಂಬು ತತ್ತಾ" ಎಂದ. ಹೀಗೆ ಕಾಫಿ, ಉಪ್ಪಿಟ್ಟು, ನೀರುಗಳೆಂಬ ಮೂರು ಮಾರಕಾಸ್ತ್ರಗಳನ್ನೂ ಕೂತಲ್ಲೇ ನುಂಗಿ ಆ ಮಹಾವೀರನು ಅಚಲನಾಗಿ ನಿಂತನು, ಎಂದರೆ, ಕೂತನು. ಎದುರು ಮನೆಯ ಅಜ್ಜಿ ಕಡ್ಡಿ ಪೊರಕೆ ಹಿಡಿದವಳು ಗುಡಿಸುವುದನ್ನೇ ಮರೆತು ನೋಡುತ್ತಿದ್ದಳು. ಹೆಲ್ಮೆಟ್ಟನ್ನು ಅವನು ಇನ್ನೂ ತೆಗೆದಿರಲಿಲ್ಲ. ಉಪ್ಪಿಟ್ಟಿನ ಅರ್ಧ ಅದರ ಪಟ್ಟಿಯಲ್ಲೇ ಉಳಿದಿತ್ತು.

ಕೊನೆಗೂ ಆ ನಿರ್ಣಾಯಕ ಕ್ಷಣ ಬಂತು. ತೇಜಾವತಿ ಚಪ್ಪಲಿ ಮೆಟ್ಟಿ, ಚೀಲವನ್ನು ಹೆಗಲಿಗೆ ಹಾಕಿ, ಸೆರಗು ಬಿಗಿದು ಮೆಟ್ಟಿಲಿಳಿದಳು. ನೇರ ಬೈಕಿನ ಕಡೆಗೇ ಬಂದಳು. ಜವರಪ್ಪ ಸೀಟಿನ ಹಿಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳಿಬಿಟ್ಟ:

"ನಾನ್ ಇಳಿಯಲ್ಲ ಕಣವ್ವ! ಬೇಜಾರ್ ಮಾಡ್ಕಬ್ಯಾಡ. ಈ ಸೀಟು ನಾನೇ ಹೊಲಿದಿರೋದು. ಇವ್ನ ಹಿಂದೆ ಕೂತು ಕೂತು ನಂಗೆ ಬೇರೆ ಕಡೆ ಕೂರಕ್ಕೇ ಬರಾಕಿಲ್ಲ."

ಜವರಪ್ಪ ಒಂದು ಕಣ್ಣು ತೆರೆದು ನೋಡಿದ. ತೇಜಾವತಿ ಕನ್ನಡಿಗೆ ಬಗ್ಗಿ ಹಣೆಯ ಬೊಟ್ಟು ಸರಿಮಾಡಿಕೊಳ್ಳುತ್ತಿದ್ದಳು.

"ಇಳೀರಿ ಅಂತ ಯಾರಣ್ಣ ಅಂದೋರು? ನಾನ್ಯಾಕ್ ಈ ಗಾಡೀಲಿ ಓಗ್ಲಿ, ನಮ್ ಕಂಪ್ನಿ ವ್ಯಾನ್ ಬತ್ತದೆ. ಡ್ರೈವರ್ ಹಿಂದ್ಗಡೆ ಕಿಟಕಿ ಸೀಟು ನಂದು. ಮದ್ವೆಗ್ ಮುಂಚೆ ಪಾಂಡವಪುರದಲ್ಲಿ ಮೊದ್ಲೇ ಹತ್ತಿ ಕೂತ್ಕತಿದ್ದೆ. ಈಗ ಗಂಡನ್ ಮನೆಯಿಂದ ನಡೂ ದಾರೀಲಿ ಹತ್ಬೇಕು. ಅಷ್ಟೊತ್ಗೆ ಆ ಪ್ರಮೀಳ ಬಂದು ನನ್ ಸೀಟಲ್ಲಿ ಕುಂತಿರ್ತಾಳೆ!" ಅವಳ ಮೂಗಿನ ಹೊಳ್ಳೆ ಅರಳಿತು. "ಬುಡ್ತೀನಾ ನಾನು? ಇವತ್ತು ಅವ್ಳುನ್ನ ಎಬ್ಬುಸ್ದೇ ಇದ್ರೆ ನನ್ ಎಸ್ರು ತೇಜಾವತಿನೇ ಅಲ್ಲ."

ಓಣಿಯ ಕೊನೆಯಲ್ಲಿ ವ್ಯಾನಿನ ಹಾರನ್ನು ಮೊಳಗಿತು. ಆ ಮಹಾರಥಿಯು ಸೆರಗನ್ನು ಇನ್ನೊಮ್ಮೆ ಬಿಗಿದು ತನ್ನ ಕುರುಕ್ಷೇತ್ರದ ಕಡೆಗೆ ಓಡಿದಳು. ಸೀಟು ಕಳೆದುಕೊಳ್ಳುವ ನೋವನ್ನು ಬಲ್ಲವರು ಜಗತ್ತಿನಲ್ಲಿ ತಾನೊಬ್ಬನೇ ಅಲ್ಲವೆಂದು ಜವರಪ್ಪನಿಗೆ ಆಗ ತಿಳಿಯಿತು. ಅವಳು ಗೆದ್ದು ಬರಲೆಂದು ಮನಸ್ಸಿನಲ್ಲೇ ಹಾರೈಸಿದ.

ಗೆದ್ದೆ! ಸಮರವಿಲ್ಲದೆ, ರಕ್ತಪಾತವಿಲ್ಲದೆ, ಉಪ್ಪಿಟ್ಟಿನ ಸಮೇತ ಗೆದ್ದೆ! ಅವನ ಎದೆ ಉಬ್ಬಿ ಇಸ್ತ್ರಿಯ ಗೆರೆ ಅಳಿಸಿಹೋಯಿತು. ಅಷ್ಟರಲ್ಲಿ ಕೆಂಪರಾಜು ಏದುಸಿರು ಬಿಡುತ್ತಾ ಮನೆಯೊಳಗಿಂದ ಒಂದು ದೊಡ್ಡ ಎಣ್ಣೆ ಡಬ್ಬವನ್ನು ಎತ್ತಿಕೊಂಡು ಬಂದ. ಅದರ ಕಂಠದವರೆಗೂ ರಾಗಿ.

"ಇಡ್ಕೋ" ಎಂದು ಅದನ್ನು ಚಕ್ರವರ್ತಿಯ ತೊಡೆಯ ಮೇಲೆ ಕುಕ್ಕಿದ.

"ಏನ್ಲಾ ಇದು?"

"ರಾಗಿ ಕಣ್ಲಾ. ಸಂಸಾರ ಅಂದ್ಮೇಲೆ ಇಟ್ಟು ಬ್ಯಾಡ್ವಾ? ಈಗ ಮಿಲ್ಲಿಗೆ ಹಾಕ್ಬುಟ್ಟು ಸಂಜೆ ಈಸ್ಕಬರದು. ನಾಳೀಕೆ ಗ್ಯಾಸ್ ಸಿಲಿಂಡ್ರು ತರ್ಬೇಕು. ಬುಧವಾರ ಅವ್ಳ ತವ್ರಿಂದ ಬೆಲ್ಲದಚ್ಚು ಬತ್ತವೆ."

ಜವರಪ್ಪ ಡಬ್ಬವನ್ನೂ ಕನ್ನಡಿಗಳನ್ನೂ ಒಂದರ ನಂತರ ಒಂದರಂತೆ ನೋಡಿದ. "ಮತ್ತೆ ಈ ಕನ್ನಡಿ ಯಾಕ್ಲಾ ಹಾಕಿಸ್ದೆ?" ಎಂದು ಕೇಳಿದ.

"ಅವ್ಳೇ ಹಾಕಿಸಿದ್ದು. ನೀನು ಗಳಿಗ್ಗೊಂದ್ ಸಲ ಹಿಂದಕ್ ತಿರಿಕ್ಕೊಂಡು ಲಾರಿ ಬಸ್ಸು ಅಂತಿದ್ರೆ ಡಬ್ಬ ಬಿದ್ದೋಯ್ತದೆ, ಜವ್ರಣ್ಣುಂಗೆ ಎರಡು ಕೈಯೂ ಬೇಕಾಯ್ತದೆ ಅಂದ್ಲು."

ಅಂದರೆ ಈ ಮನೆಯಲ್ಲಿ ಅವನನ್ನು ಯಾರೂ ಮರೆತಿರಲಿಲ್ಲ. ಅವನು ಬರುತ್ತಾನೆ, ಕೂರುತ್ತಾನೆ ಎಂದು ನಂಬಿಯೇ ಲೆಕ್ಕ ಹಾಕಿದ್ದರು. ಸಂತೋಷಪಡಬೇಕೋ ಅಳಬೇಕೋ ತೋಚದೆ ಜವರಪ್ಪ ಡಬ್ಬವನ್ನು ತಬ್ಬಿಕೊಂಡ. ಕೆಂಪರಾಜು ಮೂರು ಬಾರಿ ಒದ್ದ, ಬೈಕು ಎದ್ದಿತು.

ಹೀಗೆ ವಿಜಯಯಾತ್ರೆ ಹೊರಟಿತು. ಹಿಟ್ಟಿನ ಮಿಲ್ಲಿನವನು ಬಾಗಿಲಲ್ಲೇ ಕೈಯಲ್ಲಾಡಿಸಿ, "ಕರೆಂಟಿಲ್ಲ ಕಣ್ರಪ್ಪೋ, ನಾಳೀಕ್ ಬನ್ನಿ" ಎಂದ. ವಾಪಸು ಮನೆಗೆ ಹೋದರೆ ಕೆಲಸಕ್ಕೆ ತಡವಾಗುತ್ತಿತ್ತು. ಆದ್ದರಿಂದ ರಾಗಿಯೂ ಮೈಸೂರಿಗೆ ಹೊರಟಿತು. ತಡವಾಯಿತೆಂದು ಚೌಡಪ್ಪನ ಅಂಗಡಿಯ ಮುಂದೆಯೂ ನಿಲ್ಲಿಸಲಿಲ್ಲ. ಆ ಮಹರ್ಷಿಗೆ ಕೈಬೀಸಿ ತನ್ನ ದಿಗ್ವಿಜಯವನ್ನು ಸಾರಬೇಕೆಂದು ಜವರಪ್ಪ ಬಹಳವಾಗಿ ಆಶಿಸಿದ್ದ. ಬೀಸಲು ಕೈಗೆ ಬಿಡುವಿರಲಿಲ್ಲ. ಗದ್ದವನ್ನಷ್ಟೇ ಎತ್ತಿದ, ಅದು ಡಬ್ಬದ ಅಂಚಿಗೆ ತಗುಲಿತು.

ಸರ್ವಿಸ್ ರಸ್ತೆಯಲ್ಲಿ ಹಿಂದಿನಿಂದ ಭಾರಿ ಹಾರನ್ನು ಕೇಳಿಬಂತು. ಜವರಪ್ಪನ ಕತ್ತು ತನ್ನಷ್ಟಕ್ಕೆ ತಾನೇ ಹೊರಳಿತು.

"ಲಾರಿ ಬತ್ತಾದೆ ಕಣ್ಲಾ!"

"ನೋಡ್ದೆ ಕಣ್ಲಾ" ಎಂದ ಕೆಂಪರಾಜು, ಕನ್ನಡಿಯಿಂದ ಕಣ್ಣು ತೆಗೆಯದೆ. "ನೀನು ಡಬ್ಬ ಸರ್ಯಾಗ್ ಇಡ್ಕೋ."

ಜವರಪ್ಪ ಸರಿಯಾಗಿ ಹಿಡಿದುಕೊಂಡ.