ದೀಪ ಹಚ್ಚಿದ ಮೇಲಿನ ಹೆಪ್ಪು

ನಮ್ಮ ಬಗ್ಗೆ ಓಣಿಯವರು ಒಂದೇ ಮಾತು ಹೇಳುತ್ತಿದ್ದರು: "ದೀಪ ಹಚ್ಚಿದ ಮ್ಯಾಲೂ ಹೆಪ್ಪು ಕೊಡೂ ಮನಿ ಅಂದ್ರ ಮುರ್ತುಜಸಾಬ ಮಾಸ್ತರದ್ದು."

ಇಳಕಲ್ಲಿನಿಂದ ಗುಡೂರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದ ಮೇಲೆ ಶುರುವಾಗುವ ಲೇಔಟು ಅದು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಅಲ್ಲಿ ಯಾರೂ ಹೆಪ್ಪು ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿಯೂ ಅದರ ಬೆನ್ನು ಹತ್ತಿ ಹೋಗುತ್ತಾಳಂತೆ. ನಮ್ಮ ಮನೆಯಲ್ಲಿ ಹಚ್ಚುವುದು ಟ್ಯೂಬ್‌ಲೈಟು. ಹೀಗಾಗಿ ಹೊತ್ತು ಮುಳುಗಿದರೆ ಹೆಪ್ಪಿಗೆಂದು ವಾಟಿ, ಬಟ್ಟಲು ಹಿಡಿದವರ ಪಾಳಿ ನಮ್ಮ ಬಾಗಿಲಿಗೆ. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಶಾರವ್ವ.

ನನ್ನ ಹೆಂಡತಿ ಜೋಹರಾ ಯಾರಿಗೂ ಇಲ್ಲ ಅಂದವಳಲ್ಲ. ಆ ಹೆಪ್ಪು ನನ್ನ ಅಮ್ಮನದು. ಮದುವೆಯಾಗಿ ಬಂದ ದಿನ ಅಮ್ಮ ಕೈಗಿತ್ತದ್ದನ್ನು ಮೂವತ್ತೆಂಟು ವರ್ಷ, ಒಂದು ದಿನ ತಪ್ಪದೆ, ಹಾಲಿನಿಂದ ಹಾಲಿಗೆ ದಾಟಿಸಿದ್ದಳು.

ನನಗೋ ಸಿಟ್ಟು. ಹತ್ತಿರ ದವಾಖಾನೆಯಿಲ್ಲ, ಕಿರಾಣಿ ಅಂಗಡಿಯಿಲ್ಲ. ಬಸ್ಸು ಕೈ ಮಾಡಿದರೆ ಮಾತ್ರ ನಿಲ್ಲುತ್ತದೆ (ಡ್ರೈವರ್ ನನ್ನಿಂದ ಛಡಿ ಏಟು ತಿಂದ ಶಿಷ್ಯನಾಗಿದ್ದರೆ ಅದೂ ಇಲ್ಲ). ಇಡೀ ಬಡಾವಣೆಗೆ ಇದ್ದ ಏಕೈಕ ನಾಗರಿಕ ಸೌಕರ್ಯ ಎಂದರೆ ನಮ್ಮ ಮನೆ. ನಿವೃತ್ತಿಯಾದದ್ದೇ ತಡ, ಅದನ್ನು ಮಾರಿ ಪೇಟೆಯಲ್ಲಿ ಎಲ್ಲವೂ ಎರಡು ನಿಮಿಷಕ್ಕೆ ಸಿಗುವ ಮನೆ ಹಿಡಿದೆ.

ಸಾಮಾನು ಸಾಗಿಸುವ ದಿನ ಟೆಂಪೋದಲ್ಲಿ ಹೆಪ್ಪಿನ ವಾಟಿ ನನ್ನ ತೊಡೆಯ ಮೇಲಿತ್ತು. "ನೋಡ, ದವಾಖಾನಿ ಎಷ್ಟ ಸಮೀಪ" ಎಂದು ಎರಡೂ ಕೈ ಎತ್ತಿ ತೋರಿಸಿದೆ. ಆಮೇಲೆ ವಾಟಿ ಎಲ್ಲಿತ್ತೆಂದು ಹೇಳಬೇಕಾಗಿಲ್ಲ.

ಜೋಹರಾ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಂಟು ದಿನ ನಾನು ಎರಡೇ ನಿಮಿಷದಲ್ಲಿ ಪಾಕೀಟು ಮೊಸರು ತಂದೆ. ಎಂಟು ದಿನ ಅವಳು ಅದನ್ನು ಮುಟ್ಟದೆ ರೊಟ್ಟಿ ತಿಂದಳು. ಒಂಬತ್ತನೆಯ ದಿನ ಇಷ್ಟೇ ಕೇಳಿದಳು: "ಏನ್ರಿ, ಇಲ್ಲಿ ಬಂದ ಮ್ಯಾಲ ಒಬ್ಬರರ ಬಾಗಲಾ ಬಡದಾರೇನು?"

ಖಾಲಿ ವಾಟಿ ಹಿಡಿದು ಬಸ್ಸು ಹತ್ತಿದೆ. ಲೇಔಟು ಮುಟ್ಟುವಾಗ ಸಂಜೆಯಾಗಿತ್ತು. ಶಾರವ್ವ ಬಾಗಿಲಲ್ಲೇ ಕೈ ಹಿಸುಕಿಕೊಂಡಳು.

"ಈಗಷ್ಟ ದೀಪ ಹಚ್ಚಿದ್ನಲ್ರೀ ಮಾಸ್ತರ. ಮುಂಜಾನೆ ಬರ್ರಿ."

ಮುಂದಿನ ಮನೆಗಳಲ್ಲೂ ಅದೇ ದೀಪ, ಅದೇ ಮಾತು. ಅಮ್ಮನ ಹೆಪ್ಪು ಎಲ್ಲರ ಅಡುಗೆಮನೆಯಲ್ಲಿತ್ತು. ನನಗೆ ಒಂದು ಚಮಚ ಇರಲಿಲ್ಲ.

ಉಳಿದದ್ದು ನಮ್ಮದೇ ಮನೆ. ಅದನ್ನು ಕೊಂಡ ನಾಗಲಿಂಗನ ಹೆಂಡತಿ ಬಸವೇಶ್ವರಿ ಬಾಗಿಲು ತೆರೆದಳು. ಹಣೆಯ ಮೇಲೆ ವಿಭೂತಿ, ಬೆನ್ನ ಹಿಂದೆ ಜಗುಲಿಯ ಮೇಲೆ ದೀಪ. ನಾನು ಕೇಳದೆಯೇ ತಿರುಗಿದೆ.

"ನಿಲ್ರಿ ಮಾಸ್ತರ. ವಾಟಿ ಕೊಡ್ರಿಲ್ಲೆ."

"ದೀಪ ಹಚ್ಚೀರಲ್ಲವಾ ತಾಯಿ."

"ನಮ್ಮ ತವರಮನ್ಯಾಗ ಕೊಡೂದಿಲ್ರಿ. ಆದ್ರ ಈ ಮನ್ಯಾಗ ಕೊಡೂ ರೂಢಿ ಐತಂತ. ನಾವು ಬಂದ ದಿನಾ ಶಾರವ್ವ ಹಗಲಹೊತ್ತಿನ್ಯಾಗ ಹೆಪ್ಪು ತಂದ್ಕೊಟ್ಟು, ರೂಢಿ ಮುರೀಬ್ಯಾಡ ಅಂತ ಹೇಳಿ ಹೋಗ್ಯಾಳ." ನನ್ನ ಕೈಯಿಂದ ವಾಟಿ ತೆಗೆದುಕೊಳ್ಳುತ್ತ ಸೇರಿಸಿದಳು, "ನಿನ್ನಿ ರಾತ್ರಿ ಆಕಿನ ಬಂದು ಒಯ್ದಾಳ್ರಿ."

ವಾಟಿ ತುಂಬಿ ಬಂತು. ವಾಟಿ ಹಿಡಿದು ಬರುವವರ ಕಾಟಕ್ಕೆ ಮನೆ ಮಾರಿದವನು, ಅದೇ ಹೊಸ್ತಿಲಲ್ಲಿ ನಿಂತು ಎರಡೂ ಕೈ ಒಡ್ಡಿ ಇಸಿದುಕೊಂಡೆ. ಬರ್ತೇನವಾ ಅಂದೆ. ಆ ಮನೆಯ ಮೆಟ್ಟಿಲು ಇಳಿದದ್ದು ಅದೇ ಕೊನೆಯ ಸಲ.

ರಸ್ತೆಗೆ ಬರುತ್ತಲೇ ಬಸ್ಸು ಕಂಡಿತು. ಕೈ ಮಾಡಿದರೆ ನಿಲ್ಲುತ್ತಿತ್ತು. ಎರಡೂ ಕೈಯಲ್ಲಿ ವಾಟಿ ಇತ್ತು, ನಡೆದೇ ಹೊರಟೆ.