ಮೈಕಿನವನ ಅರ್ಧ ದಿನದ ರಜೆ

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವವನಿಗೆ ಅರ್ಧ ದಿನದ ರಜೆ ಬೇಕಿತ್ತು. ಅಂದು ಮನೆ ಬದಲಾಯಿಸಬೇಕು. ಸಂಜೆಯೊಳಗೆ ಖಾಲಿ ಮಾಡದಿದ್ದರೆ ಸಾಮಾನು ಒಳಗಿಟ್ಟೇ ಬೀಗ ಜಡಿಯುವುದಾಗಿ ಮಾಲೀಕ ಹೇಳಿದ್ದ. ಗಂಡ ಬರದಿದ್ದರೆ ತಾನು ತವರಿಗೆ ಹೊರಡುವುದಾಗಿ ಹೆಂಡತಿ ಹೇಳಿದ್ದಳು. ಇಬ್ಬರೂ ಮಾತಿಗೆ ತಪ್ಪುವವರಲ್ಲ.

ಮ್ಯಾನೇಜರು ತಲೆ ಎತ್ತಲಿಲ್ಲ. "ನೀವು ಹೋದ್ರೆ ಕೂಗೋರು ಯಾರ್ರೀ? ನಾನಾ?" ಎಂದರು.

ಮೈಕಿನವನಿಗೆ ಕಂಪ್ಯೂಟರಿನ ಹುಚ್ಚು ಸ್ವಲ್ಪ ಇತ್ತು. ಪೂರ್ತಿ ಹುಚ್ಚಿರುವವರಿಂದ ತೊಂದರೆಯಿಲ್ಲ. ಅನಾಹುತವೆಲ್ಲ ಸ್ವಲ್ಪ ಇರುವವರಿಂದಲೇ. ಯಾರೋ ಪುಣ್ಯಾತ್ಮರು ಬರೆದು ಪುಕ್ಕಟೆ ಹಂಚಿದ ಪ್ರೋಗ್ರಾಮಿಂಗ್ ಲೈಬ್ರರಿಯೊಂದು, ಅಂದರೆ ಸಿದ್ಧ ಪ್ರೋಗ್ರಾಮುಗಳ ಗಂಟೊಂದು, ಅವನಿಗೆ ಸಿಕ್ಕಿತ್ತು. ಅದರ ಕೆಲಸ ಒಂದೇ. ತೋರಿಸಿದ ಫೈಲನ್ನು, ಪಕ್ಕದ ಮನೆಯವರು ನಮ್ಮ ಬಾಗಿಲು ಕಾಯುವ ಹಾಗೆ ಕಾಯುವುದು. ಅದು ಬದಲಾದ ಕೂಡಲೇ ಹೇಳಿಕೊಟ್ಟ ಆಜ್ಞೆ ನಡೆಸುವುದು. ಬಸ್ ಬಂದಾಗಲೆಲ್ಲ ಗೇಟಿನವನು ಕಂಪ್ಯೂಟರಿನ ಫೈಲಿಗೆ ಒಂದು ಸಾಲು ಸೇರಿಸುತ್ತಿದ್ದ. ಹೊಸ ಸಾಲು ಬಂದರೆ ಸ್ಪೀಕರಿನಲ್ಲಿ ಓದು ಎಂದು ಮೈಕಿನವನು ಆಜ್ಞೆ ಬರೆದ. ಬಸ್ ಬಂತು, ಯಂತ್ರ ಕೂಗಿತು. ಇವನು ಹಿಂಬಾಗಿಲಿನಿಂದ ಜಾರಿದ.

ಅವಸರದಲ್ಲಿ ಒಂದು ಫೈಲಿನ ಬದಲು ಇಡೀ ಫೋಲ್ಡರಿಗೇ ಕಾವಲು ಹಾಕಿದ್ದ. ಆಫೀಸಿನವರೆಲ್ಲ ತಮ್ಮ ತಮ್ಮ ಫೈಲು ತುರುಕುತ್ತಿದ್ದುದು, ಎಲ್ಲರ ಕಂಪ್ಯೂಟರಿನಲ್ಲೂ ತೆರೆಯುವ ಅದೇ ಫೋಲ್ಡರಿನಲ್ಲಿ.

ಟಿಕೆಟ್ ಕೌಂಟರಿನ ಕ್ಯಾಷಿಯರ್ ಡ್ಯೂಟಿಯ ನಡುವೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದುದು ಮೈಕಿನವನಿಗೆ ಗೊತ್ತಿತ್ತು. ಕರೆಂಟು ಆಗಾಗ ಕೈಕೊಡುತ್ತಿದ್ದುದರಿಂದ ಒಂದೊಂದು ವಾಕ್ಯಕ್ಕೂ ಸೇವ್ ಒತ್ತುವ ಅಭ್ಯಾಸ ಅವನದು. ಮೂರನೇ ಪ್ಲಾಟ್‌ಫಾರಂನ ಬಸ್ ಹೊರಡಲಿದೆ ಎಂದ ಸ್ಪೀಕರು, ಅದೇ ದನಿಯಲ್ಲಿ, ಬಾಗಿಲು ಒಡೆದು ನೋಡಿದಾಗ ಡಾಕ್ಟರು ಹೆಣವಾಗಿದ್ದರು ಎಂದಿತು.

ಬಸ್ ಹತ್ತುತ್ತಿದ್ದವರು ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತರು. ಕ್ಯಾಷಿಯರನಿಗೂ ಅದು ಕೇಳಿಸಿತು. ಅವನು ಗಾಬರಿಯಾಗಲಿಲ್ಲ. ತಲೆ ಬಾಚಿಕೊಂಡು ಮುಂದಿನ ವಾಕ್ಯ ಬರೆದ.

ಇತ್ತ ಮೈಕಿನವನು ಮಂಚ ಬಿಚ್ಚಿ, ಪಾತ್ರೆ ಕಟ್ಟಿ, ಗಂಟುಗಳ ಮೇಲೆ ಕೂತಿದ್ದ. ಸಾಮಾನು ಸಾಗಿಸಲು ಹೇಳಿದ್ದ ಲಾರಿ ಬರಲಿಲ್ಲ. ಮಾಲೀಕ ಬೀಗ ಹಿಡಿದು ಎರಡು ಸಲ ಅಂಗಳದಲ್ಲಿ ಅಡ್ಡಾಡಿ ಹೋದ. ಹೆಂಡತಿ ತನ್ನ ಸೀರೆಗಳನ್ನಷ್ಟೇ ಬೇರೆ ಗಂಟು ಕಟ್ಟತೊಡಗಿದಳು. ಇವನು ಲಾರಿಯವನಿಗೆ ಫೋನ್ ಮಾಡಿದ.

"ಬಸ್‌ಸ್ಟ್ಯಾಂಡ್ ಹತ್ರಾನೇ ಇದೀವಿ ಸಾರ್. ಡಾಕ್ಟರನ್ನ ಕೊಂದೋರು ಯಾರು ಅಂತ ಗೊತ್ತಾದ್ರೆ ಹೊರಟ್ಬಿಡ್ತೀವಿ. ಹಮಾಲರು ಏಳ್ತಾನೇ ಇಲ್ಲ."

ಮೈಕಿನವನು ಓಡಿದ. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾರ್ನ್ ಹೊಡೆದ ಡ್ರೈವರನಿಗೆ ಉಳಿದ ಡ್ರೈವರುಗಳು ಬೈಯುತ್ತಿದ್ದರು. ಮೈಕಿನ ಕೋಣೆಯಲ್ಲಿ ಮ್ಯಾನೇಜರೇ ಕಿವಿಗೆ ಕೈ ಕೊಟ್ಟು ಕೂತಿದ್ದರು. ಸ್ವಿಚ್ಚಿಗೆ ಕೈ ಹಾಕಿದವನ ಮಣಿಕಟ್ಟು ಹಿಡಿದುಕೊಂಡರು.

"ಮುಟ್ಟಿದ್ರೆ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ. ನನಗೆ ಆ ಡಾಕ್ಟರ ಮನೆ ಅಡುಗೆಯವನ ಮೇಲೇ ಅನುಮಾನ."

ಅವನು ಕೌಂಟರಿಗೆ ಓಡಿ ಕಿಂಡಿಯೊಳಗೆ ಮುಖ ತೂರಿಸಿದ. "ತಮ್ಮಾ, ಕೊಂದೋನು ಯಾರು ಅಂತ ಒಂದು ಸಾಲು ಬರೆದುಬಿಡಪ್ಪಾ. ನನ್ನ ಸಂಸಾರ ಉಳಿಯುತ್ತೆ."

"ಅದೇ ಹೊಳೀತಿಲ್ಲ ಅಣ್ಣಾ. ಹೋದ ವರ್ಷದಿಂದ ಯೋಚಿಸ್ತಾ ಇದೀನಿ."

ಮೈಕಿನವನು ಬೇರೆ ದಾರಿ ಕಾಣದೆ ಕೋಣೆಗೆ ಮರಳಿದ. ತನ್ನ ಕಂಪ್ಯೂಟರಿನಲ್ಲೇ ಆ ಕಾದಂಬರಿ ತೆರೆದು, ಕೊಂದವನು ಅಡುಗೆಯವನು, ಇಲ್ಲಿಗೆ ಕತೆ ಮುಗಿಯಿತು ಎಂದು ಬರೆದು ಸೇವ್ ಒತ್ತಿದ. ಸ್ಪೀಕರು ಓದಿತು. ಮ್ಯಾನೇಜರು ಮೇಜು ಗುದ್ದಿ, ತಾನು ಮೊದಲೇ ಹೇಳಿದ್ದೆ ಎಂದರು. ಜನ ನಿಟ್ಟುಸಿರುಬಿಟ್ಟು ಎದ್ದರು. ಹಮಾಲರು ಹಿಂದೆ ಹತ್ತಿದರು, ಲಾರಿ ಚಾಲೂ ಆಯಿತು. ಮೈಕಿನವನೂ ಓಡಿಹೋಗಿ ಡ್ರೈವರನ ಪಕ್ಕ ಕೂತ.

ಕೌಂಟರಿನಲ್ಲಿ ಕ್ಯಾಷಿಯರ್ ತನ್ನ ಕಾದಂಬರಿಗೆ ಬೇರೆಯವನು ಕೈ ಹಾಕಿದ್ದನ್ನು ನೋಡಿದ. ಅವನ ಮುಖ ಕೆಂಪಾಯಿತು. ಅದರ ಮುಂದೆಯೇ ಒಂದು ಸಾಲು ಬರೆದು ಸೇವ್ ಒತ್ತಿದ.

"ಎಂದು ದಡ್ಡರು ಮಾತ್ರ ನಂಬಿದರು" ಎಂದಿತು ಸ್ಪೀಕರು.

ಲಾರಿಯವನು ಎಂಜಿನ್ ಆರಿಸಿದ.