ಚಿರತೆಯ ಕಾಲಡಿ ನನ್ನ ಹೆಸರು

ಮತ್ತೆ ಎಬ್ಬಿಸಿದರು. ಇದನ್ನು ಬರೆಯಲು ಕೂತಿದ್ದು ಬೆಳಿಗ್ಗೆ. ಮೊದಲ ಸಾಲಿಗೆ ಕುಕ್ಕರ್ ಕೂಗಿತು. ಎರಡನೆಯ ಸಾಲಿಗೆ ಸಿಲಿಂಡರ್‌ನವನು ಬಂದ. ಮೂರನೆಯದಕ್ಕೆ ಅತ್ತೆ ಬಂದು, ನನ್ನ ಕೈಯಲ್ಲಿ ಪೆನ್ನು ನೋಡಿ, "ಹೆಂಗೂ ಖಾಲಿ ಕುಂತೀಯಲ್ಲ ಸುಮಾ, ಈ ಕೊತ್ತಂಬರಿ ಬಿಡಿಸಿ ಕೊಡು" ಎಂದರು. ಬಿಡಿಸಿ ಕೊಟ್ಟು ಬರುವಷ್ಟರಲ್ಲಿ ನಾಲ್ಕು ವರ್ಷದ ಮಗಳು ಕಂಪ್ಯೂಟರ್ ಮುಂದೆ ಕೂತು ಗಿರಾಕಿ ಕೊಟ್ಟ ಫೋಟೋದ ಹುಲಿಗೆ ಎರಡನೇ ಬಾಲ ಬರೆದಿದ್ದಳು. ನಮ್ಮ ಮನೆಯಲ್ಲಿ ಇಂಥದ್ದು ವಾರಕ್ಕೊಮ್ಮೆ ಆಗದಿದ್ದರೆ ನನಗೇ ಏನೋ ಮರೆತಂತೆ ಅನಿಸುತ್ತದೆ.

ನನ್ನ ಕೆಲಸ ಇದು: ಜನ ತೆಗೆದ ಪ್ರಾಣಿ, ಪಕ್ಷಿಗಳ ಫೋಟೋಗಳನ್ನು ಕಂಪ್ಯೂಟರ್‌ನಲ್ಲಿ ತಿದ್ದಿ, ಕೈಯಲ್ಲಿ ಬಣ್ಣ ಬಳಿದ ಚಿತ್ರದ ಹಾಗೆ ಮಾಡಿಕೊಡುವುದು. ಒಂದು ಬಟನ್ ಒತ್ತಿದರೆ ಆಗುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಒತ್ತಿದರೆ ಬರುವುದು ರಾಗಿ ಅಂಬಲಿ. ಆಮೇಲೆ ಕೂದಲು, ರೆಕ್ಕೆ, ಕಣ್ಣಿನ ಹೊಳಪು ಎಲ್ಲವನ್ನೂ ಒಂದೊಂದೇ ಗೆರೆ ಎಳೆದು ಎಬ್ಬಿಸಬೇಕು. ಹತ್ತನೇ ತರಗತಿ ಮುಗಿಸಿ ಸ್ಟುಡಿಯೋ ಒಂದರಲ್ಲಿ ಮದುಮಕ್ಕಳ ಮೊಡವೆ ಅಳಿಸಿ ಕಲಿತ ವಿದ್ಯೆ. ಮದುಮಕ್ಕಳಿಗಿಂತ ಪ್ರಾಣಿಗಳು ವಾಸಿ. ಯಾವ ಕರಡಿಯೂ "ಇನ್ನೊಂಚೂರು ಬೆಳ್ಳಗೆ ಮಾಡ್ರಿ" ಎಂದು ಕೇಳಿಲ್ಲ.

ಕೆಲಸ ಕೊಡುವವರು ಫ್ರೇಮ್ ಅಂಗಡಿಯ ಅಣ್ಣ. ಒಳ್ಳೆಯವರು. ಒಂದೇ ತಕರಾರು. ಚಿತ್ರದ ಮೂಲೆಯಲ್ಲಿ ನನ್ನ ಹೆಸರು ಹಾಕುತ್ತೇನೆ ಎಂದರೆ ಒಪ್ಪುತ್ತಿರಲಿಲ್ಲ. "ಹೆಸರು ನೋಡಿದ್ರೆ ಗಿರಾಕಿ ನೇರ ನಿಮ್ಮನೆಗೇ ಬರ್ತಾರಮ್ಮಾ. ಆಮೇಲೆ ನಾನು ಮೊಳೆ ಹೊಡ್ಕೊಂಡು ಕುಂದ್ರಬೇಕಾ?" ಎರಡು ವರ್ಷ ಕೇಳಿದೆ. ಎರಡು ವರ್ಷವೂ ಅದೇ ಮೊಳೆ.

ದಪ್ಪ ಗಿಣಿ

ಎಸ್.ಎಸ್. ಬಡಾವಣೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹುಣಸೆ ಮರದ ಕೆಳಗೆ ಮೂರು ದಿನ ಕಾದು ಒಂದು ಗೂಬೆಯ ಫೋಟೋ ತೆಗೆದಿದ್ದರು. "ಹಾಲ್‌ನಾಗೆ ಸೋಫಾ ಮೇಲೆ ಹಾಕ್ತೀನಿ, ಪೇಂಟಿಂಗ್ ಥರ ದೊಡ್ಡದು ಮಾಡ್ರಿ" ಎಂದು ಕೊಟ್ಟುಹೋದರು.

ಮಧ್ಯಾಹ್ನ ಅವರ ಹೆಂಡತಿಯ ಫೋನು. "ನೋಡವ್ವಾ, ಮನೇಲಿ ಮದುವೆಗೆ ಬಂದ ಮಗಳು ಅದಾಳೆ. ಗಂಡಿನ ಕಡೆಯೋರು ಬಂದು ಸೋಫಾದಾಗೆ ಕುಂತು ತಲೆ ಎತ್ತಿದ್ರೆ ಗೂಬೆ! ಏನಾರ ಮಾಡು."

"ಅವ್ರಿಗೆ ಗೂಬೇನೇ ಬೇಕಂತ್ರೀ."

"ಗೂಬೇನೇ ಇರ್ಲಿ, ಯಾರು ಬ್ಯಾಡ ಅಂದ್ರು? ಮೂಗು ಒಂಚೂರು ಕೆಂಪಗೆ ಮಾಡು. ಮೈ ಒಂಚೂರು ಹಸಿರು. ಕೇಳಿದ್ರೆ, ಪೇಂಟಿಂಗ್ ಅಂದ್ರೆ ಹಂಗೇ ಬರ್ತೈತೆ ಅನ್ನು."

ಮರುದಿನ ಮತ್ತೆ ಫೋನು: ಕಣ್ಣು ಸಣ್ಣಗೆ. ಅದರ ಮರುದಿನ: ಬಾಲ ಉದ್ದಕ್ಕೆ. ಹೆಣ್ಣು ಹೆತ್ತ ತಾಯಿಯ ಮಾತು, ಇಲ್ಲ ಅನ್ನಲಾಗಲಿಲ್ಲ. ವಾರದ ಕೊನೆಗೆ ಕೊಂಬೆಯ ಮೇಲೆ, ಬಸುರಿಯಷ್ಟು ದಪ್ಪನೆಯ ಒಂದು ಗಿಣಿ ಕೂತಿತ್ತು.

ಯಜಮಾನರು ಬಂದು ಬಹಳ ಹೊತ್ತು ನೋಡಿದರು. "ಇದು ನಾನು ತೆಗೆದಿದ್ದಾ?"

"ಮರ ನಿಮ್ದೇ ಅಲ್ವಾ ಸಾರ್?"

ಮರ ಅವರದೇ. ಒಪ್ಪಿಕೊಂಡರು. ಆದರೂ ಅನುಮಾನ ಹೋಗದೆ, ಇದು ಯಾವ ಜಾತಿಯ ಹಕ್ಕಿ ಎಂದು ತಮ್ಮ ಪಕ್ಷಿಪ್ರಿಯರ ವಾಟ್ಸಾಪ್ ಗುಂಪಿಗೆ ಕಳಿಸಿದರು. ಅಲ್ಲಿ ಎರಡು ದಿನ ಜಗಳವಾಯಿತಂತೆ. ಒಬ್ಬರಂತೂ ಹೋದ ವಾರವಷ್ಟೇ ಕೊಂಡಜ್ಜಿ ಕೆರೆಯ ಹತ್ತಿರ ಅದರ ಜೋಡಿಯನ್ನೇ ನೋಡಿದ್ದರಂತೆ.

ಪೊರೆ

ನಮ್ಮ ವಿನೋಬನಗರದಲ್ಲೇ, ಹಿಂದಿನ ಬೀದಿಯಲ್ಲಿ, ಅಕ್ಕಿ ವ್ಯಾಪಾರಿಯೊಬ್ಬರ ಮನೆ. ಅವರ ಗೋದಾಮಿನ ಬಾಗಿಲಲ್ಲಿ ಹೆಡೆಯೆತ್ತಿ ನಿಂತ ನಾಗರಹಾವನ್ನು ಯಾರೋ ಧೈರ್ಯಸ್ಥರು ಫೋಟೋ ತೆಗೆದಿದ್ದರು. ನಾನು ಹಿಂದಿದ್ದ ಚೀಲಗಳನ್ನೆಲ್ಲ ಕತ್ತಲಿಗೆ ತಳ್ಳಿ, ಹೆಡೆಗೆ ಬಂಗಾರದ ಬೆಳಕು ಕೊಟ್ಟು, ದಪ್ಪ ದಪ್ಪ ಬಣ್ಣದ ಗೆರೆ ಎಳೆದೆ. ಎಷ್ಟು ಚೆನ್ನಾಗಿ ಬಂತೆಂದರೆ, ಬಂದವರು ಕೂರುವ ಬೈಠಕ್ ಖೋಲಿಗೆಂದು ಮಾಡಿಸಿದ್ದನ್ನು ಅವರ ತಾಯಿ ಎತ್ತಿಕೊಂಡು ಹೋಗಿ ದೇವರ ಮನೆಯಲ್ಲಿ ಇಟ್ಟರು.

ನಾಗರ ಪಂಚಮಿ ಬಂತು. ಹಬ್ಬ ಮುಗಿದ ಮೇಲೆ ವ್ಯಾಪಾರಿ ನಮ್ಮ ಬಾಗಿಲಿಗೆ ಬಂದು, "ಸ್ವಲ್ಪ ಮನೆ ತನಕ ಬರ್ರಿ" ಎಂದರು. ಮುಖ ಸಣ್ಣಗಾಗಿತ್ತು.

ಹೋಗಿ ನೋಡಿದೆ. ಚಿತ್ರದ ಮೇಲೆ ಹಾಲೆರೆದಿದ್ದಾರೆ. ಅರಿಷಿಣ, ಕುಂಕುಮ, ತಂಬಿಟ್ಟು ಎಲ್ಲಾ ಮೆತ್ತಿದ್ದಾರೆ. ಪ್ರಿಂಟಿನ ಮೇಲೆ ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಯೊಳಗೆ ಹಾಲು ಇಳಿದು, ಅದು ಹೆಡೆಯಿಂದ ಬಾಲದವರೆಗೆ ಸುರುಳಿ ಸುರುಳಿಯಾಗಿ ಎದ್ದಿದೆ. ಕೆಲಸ ಕೆಟ್ಟ ದೂರು ನನ್ನ ತಲೆಗೇ ಬರುತ್ತದೆ ಎಂದು ಹೆದರಿ, "ಅಜ್ಜೀ, ಹೊಸದು ಮಾಡಿಸಿ ಕೊಡ್ತೀನಿ" ಎಂದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊಸದು ಯಾಕ? ಮೊದ್ಲು ಕೈ ಮುಗಿ. ಪೊರೆ ಬಿಟ್ಟಾನೆ."

ನೋಡಲು ಆಗಲೇ ಬೀದಿಯ ಹೆಂಗಸರೆಲ್ಲ ಬಂದು ಹೋಗಿದ್ದರಂತೆ. ನಾನೂ ಕೈ ಮುಗಿದೆ. ಹೊರಗೆ ಬಂದ ಮೇಲೆ ವ್ಯಾಪಾರಿ ಮೆಲ್ಲಗೆ, "ಇನ್ನೊಂದ್ಸಲ ಯಾವಾಗ ಬಿಡ್ತಾನೆ ಅಂತ ಎಲ್ರೂ ಕೇಳಾಕತ್ಯಾರೆ, ಏನ್ ಹೇಳ್ಲಿ?" ಎಂದರು.

"ಮುಂದಿನ ಪಂಚಮಿಗೆ ಹಾಲು ಬಿಸಿ ಮಾಡಿ ಹಾಕ್ರಿ, ಬೇಗ ಬಿಡ್ತಾನೆ" ಎಂದೆ.

ಯಾರ ಮೀಸೆ

ಹರಿಹರದ ನಿವೃತ್ತ ವಿಜ್ಞಾನ ಮೇಷ್ಟ್ರು ಹೊಳೆ ದಂಡೆಯಲ್ಲಿ ನೀರುನಾಯಿಗಳ ಫೋಟೋ ತೆಗೆಯುತ್ತಾರೆ. ಎಂಥ ಫೋಟೋಗಳೆಂದರೆ, ಮುಟ್ಟಲು ನನಗೇ ಭಯ. ಪೇಂಟಿಂಗ್ ಥರ ಮಾಡಿಸಬೇಕೆಂಬುದು ಅವರ ಹೆಂಡತಿಯ ಆಸೆ. ಮೇಷ್ಟ್ರಿಗೆ ಅದು ಸುತಾರಾಂ ಇಷ್ಟವಿಲ್ಲ. ಆದ್ದರಿಂದ ಕಾವಲಿಗೆಂದು ಬಸ್ಸು ಹತ್ತಿ ತಾವೇ ಬಂದು, ನನ್ನ ಪಕ್ಕ ಕುರ್ಚಿ ಹಾಕಿಕೊಂಡು ಕೂತರು.

ನಾನು ಒಂದು ಗೆರೆ ಎಳೆದರೆ, "ತಡೀರಿ, ಅಲ್ಲಿ ಕೂದಲಿಲ್ಲ." ಇನ್ನೊಂದು ಎಳೆದರೆ, "ಅದರ ಕಿವಿ ಅಷ್ಟು ದೊಡ್ಡದಿಲ್ಲ." ಕೊನೆಗೆ ಪರದೆಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೇಳಿದರು: "ಇದು ನೀರುನಾಯಿ ಮೀಸೆ ಅಲ್ಲಮ್ಮಾ. ಇದು ನಿಮ್ಮ ಮೀಸೆ!"

ಅಡುಗೆಮನೆಯಲ್ಲಿದ್ದ ಅತ್ತೆ ಸೌಟು ಹಿಡಿದು ಓಡಿಬಂದು ನನ್ನ ಮುಖ ನೋಡಿದರು.

ಚಿತ್ರ ಮುಗಿದಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಸುಳ್ಳು. ಆದ್ರೆ ಒಳ್ಳೆ ಸುಳ್ಳು" ಎಂದರು. ಹೊರಡುವಾಗ, ಜಗಳೂರು ಕಡೆಯ ಕಲ್ಲುಗುಡ್ಡದಲ್ಲಿ ತೆಗೆದ ಒಂದು ಚಿರತೆಯ ಫೋಟೋವನ್ನೂ ಕೊಟ್ಟುಹೋದರು.

ಸುಮಂಗಲಾ

ಅದೇ ಹೊತ್ತಿಗೆ ನಿಜಲಿಂಗಪ್ಪ ಬಡಾವಣೆಯಲ್ಲಿ ಮಕ್ಕಳ ಕ್ಲಿನಿಕ್ ತೆರೆಯುತ್ತಿದ್ದ ಡಾಕ್ಟರೊಬ್ಬರು ಗೋಡೆಗೆ ಪ್ರಾಣಿಗಳ ಚಿತ್ರ ಕೇಳಿದರು. ಮಕ್ಕಳು ಹೆದರಬಾರದು, ಕೈಯಲ್ಲಿ ಬರೆದ ಹಾಗೆ ಮೆತ್ತಗಿರಬೇಕು. ಮೇಷ್ಟ್ರನ್ನು ಕೇಳಿ ಚಿರತೆಯನ್ನು ಅದಕ್ಕೇ ತೆಗೆದುಕೊಂಡೆ. ಹನ್ನೊಂದು ದಿನ ಅದರ ಮೈಮೇಲೆ ಇದ್ದೆ.

ಫ್ರೇಮ್ ಅಂಗಡಿಯಲ್ಲಿ ಡಾಕ್ಟರು ಚಿತ್ರ ನೋಡಿ ನಿಂತುಬಿಟ್ಟರು. "ಇದನ್ನ ಯಾರು ಮಾಡಿದ್ದು? ಸಹಿ ಇಲ್ವಲ್ಲ?"

"ಮಷಿನ್ ಸಾರ್, ಎಲ್ಲಾ ಮಷಿನ್‌ನಾಗೇ ಬರ್ತಾವೆ" ಎಂದರು ಅಣ್ಣ.

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ನನ್ನ ಬಾಯಿಗೆ ಬೀಗ ಮೊದಲಿಂದಲೂ ಇಲ್ಲ. "ಅಣ್ಣಾ, ಮಷಿನ್‌ಗೆ ಹುಲಿಗೆ ಬಾಲ ಬರೆಯೋ ಮಗಳಿಲ್ಲ, ಕೊತ್ತಂಬರಿ ಬಿಡಿಸು ಅನ್ನೋ ಅತ್ತೆ ಇಲ್ಲ. ನನಗೆ ಇಬ್ರೂ ಅದಾರೆ. ಅವರಿಬ್ಬರ ಮಧ್ಯೆ ಕುಂತು ಈ ಚಿರತೆಯ ಒಂದೊಂದು ಕೂದಲೂ ಎಳೆದಿದ್ದು ನಾನು."

ಡಾಕ್ಟರು ನಕ್ಕು, "ಹಾಗಾದ್ರೆ ಹೆಸರು ಹಾಕ್ರಿ. ಹೆಸರಿಲ್ದೆ ನಾನು ಒಯ್ಯೋದಿಲ್ಲ" ಎಂದರು. ಅಣ್ಣ ಮೊಳೆಗಳ ಡಬ್ಬಿ ಮುಚ್ಚಿಟ್ಟು, "ಹಾಕ್ರಮ್ಮಾ" ಎಂದರು. ಮೇಷ್ಟ್ರಿಗೆ ಫೋನ್ ಮಾಡಿ, ಅವರ ಹೆಸರನ್ನೂ ಹಾಕಲೇ ಎಂದು ಕೇಳಿದೆ. "ನಂದು ಬ್ಯಾಡ. ನಾನು ಯಾರು ಅಂತ ಚಿರತೆಗೆ ಗೊತ್ತೈತೆ" ಎಂದರು. ಹೊಸ ಪ್ರಿಂಟಿನಲ್ಲಿ, ಚಿರತೆಯ ಮುಂಗಾಲಿನ ಕೆಳಗೆ, ಬಿಳಿ ಅಕ್ಷರದಲ್ಲಿ, ಕನ್ನಡದಲ್ಲಿ ನನ್ನ ಪೂರ್ತಿ ಹೆಸರು ಬರೆದೆ: ಸುಮಂಗಲಾ.

ಕ್ಲಿನಿಕ್ ಶುರುವಾಗಿ ಹದಿನೈದು ದಿನಕ್ಕೆ ನನ್ನ ಮಗಳಿಗೆ ಸಣ್ಣ ನೆಗಡಿ ಬಂತು. ಮನೆಮದ್ದಿಗೇ ಹೋಗುವ ನೆಗಡಿ. ಆದರೂ ಅತ್ತೆಯನ್ನೂ ಹೊರಡಿಸಿಕೊಂಡು ಆಟೋ ಹತ್ತಿದೆ. ಗೋಡೆಯ ಮೇಲಿನ ಹೆಸರನ್ನು ಅವರೂ ಒಮ್ಮೆ ಓದಲಿ ಎಂದು.

ಒಳಗೆ ಕಾಲಿಡುತ್ತಿದ್ದಂತೆ ನರ್ಸಮ್ಮ, "ಅಲ್ಲಿ, ಸುಮಂಗಲಾ ಎದುರಿನ ಬೆಂಚಿಗೆ ಕೂಡ್ರಿ" ಎಂದರು. ನನಗೆ ಅರ್ಥವಾಗಲಿಲ್ಲ. ಬೆಂಚಿನ ಮೇಲೆ ಒಬ್ಬ ತಾಯಿ, ಆರು ವರ್ಷದ ಮಗಳ ಬಾಯಿಗೆ ಸಿರಪ್ಪು ಹಿಡಿದು ಹೆದರಿಸುತ್ತಿದ್ದಳು: "ಕುಡೀತೀಯೋ, ಇಲ್ಲಾ ಸುಮಂಗಲಾನ ಗೋಡೆಯಿಂದ ಕೆಳಗೆ ಇಳಿಸ್ಲೋ?"

ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ನನಗೆ ತಡೆಯಲಾಗಲಿಲ್ಲ. "ನೋಡವ್ವಾ, ಸುಮಂಗಲಾ ಚಿರತೆ ಹೆಸರಲ್ಲ. ನನ್ನ ಹೆಸರು. ಈ ಚಿತ್ರ ನಾನು ಮಾಡಿದ್ದು."

ತಾಯಿ ಗಾಬರಿಯಾದಳು. ಹುಡುಗಿ ಆಗಲಿಲ್ಲ. ಬಾಯಿ ಬಿಗಿಹಿಡಿದುಕೊಂಡೇ ಚಿರತೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಚಿರತೆ ನಿಮ್ದಾ?"

"ಅಲ್ಲ ಪುಟ್ಟಿ, ಅದು ಕಾಡಿಂದು."

"ಫೋಟೋ?"

"ಅದು ಹರಿಹರದ ಮೇಷ್ಟ್ರು ತೆಗೆದಿದ್ದು."

"ಬಣ್ಣ?"

"ಬಣ್ಣ ಕಂಪ್ಯೂಟರ್‌ನಾಗೇ ಇರ್ತಾವೆ."

"ದೊಡ್ಡದು ಮಾಡಿದ್ದು?"

"ಪ್ರಿಂಟರ್."

"ಗೋಡೆಗೆ ಹಾಕಿದ್ದು?"

"ಅಂಗಡಿ ಅಣ್ಣ, ಮೊಳೆ ಹೊಡೆದು."

ಬೆಂಚಿನವರೆಲ್ಲ ಕೆಮ್ಮು ನಿಲ್ಲಿಸಿ ಕೇಳುತ್ತಿದ್ದರು. ನರ್ಸಮ್ಮ ಪೆನ್ನು ಕೆಳಗಿಟ್ಟಿದ್ದರು. ನಮ್ಮತ್ತೆ ಸೆರಗು ತೆಗೆದು, ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು ನಿಂತಿದ್ದರು. ಹುಡುಗಿ ತಾಯಿಯ ಕೈಯಿಂದ ಸಿರಪ್ಪು ಇಸಿದುಕೊಂಡು, ತಾನೇ ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಕೇಳಿದಳು:

"ಮತ್ತೆ ನೀವೇನ್ ಮಾಡಿದ್ರಿ?"